ನಾಲ್ಕು ಗೆರೆ, ಕಪ್ಪು ಚೌಕ: ನ್ಯೂಮ್ ಓದೋಕೆ ನಾನು ಕಲ್ತಿದ್ದು ಹೀಗೆ

ಚಿಕ್ಕವಳಿದ್ದಾಗ ಎಂಟು ವರ್ಷ ಕರ್ನಾಟಕ ಸಂಗೀತ ಕಲ್ತಿದ್ದೆ. ಕೆಲ್ಸಕ್ಕೆ ಅಂತ ಸ್ವಿಟ್ಜರ್ಲೆಂಡಿಗೆ ಬಂದ್ಮೇಲೆ ಒಂದು ಸಣ್ಣ ಗುಂಪಿನ ಜೊತೆ ಗ್ರೆಗೋರಿಯನ್ ಚಾಂಟ್, ಅಂದ್ರೆ ಕ್ಯಾಥೊಲಿಕ್ ಚರ್ಚಿನ ಹಳೇ ಲ್ಯಾಟಿನ್ ಹಾಡು, ಹಾಡೋಕೆ ಸೇರ್ಕೊಂಡೆ. ಮೊದಲ್ನೇ ದಿನ ಕೈಗೆ ಕೊಟ್ಟ ಹಾಳೇಲಿ ನಾಲ್ಕೇ ಗೆರೆ, ಮೇಲೆ ಕಪ್ಪು ಚೌಕಗಳು, ತಾಳದ ಗುರುತಿಲ್ಲ, ಮಾತ್ರೆ ಇಲ್ಲ. ಈ ಚಿಹ್ನೆಗಳಿಗೆ ನ್ಯೂಮ್ ಅಂತಾರೆ.

ಸಾಲಿನ ಶುರುವಲ್ಲಿ ಇಂಗ್ಲಿಷ್ ಸಿ ತರ ಒಂದು ಗುರುತಿರತ್ತೆ, ಅದು ಕೂತಿರೋ ಗೆರೆ ‘ದೋ’, ಅವರ ದೋ-ರೆ-ಮಿ-ಫಾ ಸಾಲಿನ ಮೊದಲ ಸ್ವರ. ಅಲ್ಲಿಂದ ಮೇಲೆ ಕೆಳಗೆ ಎಣಿಸ್ಕೊಂಡು ಹೋಗೋದು, ಶ್ರುತಿ ನಮ್ಮ ಗಂಟಲಿಗೆ ಒಗ್ಗಿದ ಕಡೆ ಇಟ್ಕೋಬಹುದು, ಇದು ನನಗೆ ಮನೆಯದ್ದೇ ಅನ್ನಿಸ್ತು. ಒಂದರ ಮೇಲೊಂದು ಎರಡು ಚೌಕ ಇದ್ರೆ ಪೊಡಾಟಸ್, ಮೊದ್ಲು ಕೆಳಗಿಂದು ಆಮೇಲೆ ಮೇಲಿಂದು. ಎಡವಿದ್ದು ಪೊರೆಕ್ಟಸ್‌ನಲ್ಲಿ. ದಪ್ಪ ಓರೆ ಪಟ್ಟಿ ಮೇಲಿಂದ ಕೆಳಗೆ ಇಳ್ದಿರತ್ತೆ, ತುದೀಲಿ ಮೇಲಕ್ಕೆ ಇನ್ನೊಂದು ಚೌಕ. ನಾನು ಜಾರು ಗಮಕ ಅನ್ಕೊಂಡು ಎಳ್ದು ಹಾಡ್ಬಿಟ್ಟೆ, ಪಕ್ಕದೋರು ತಿರುಗಿ ನೋಡಿದ್ರು. ಅಲ್ಲಿ ಜಾರೋದು ಏನೂ ಇಲ್ಲ, ಪಟ್ಟಿಯ ಎರಡು ತುದಿ ಎರಡು ಸ್ವರ ಅಷ್ಟೇ, ನಡುವೆ ಇರೋದು ಬರೀ ಲೇಖನಿಯ ಓಟ.

ನಾನು ಪೂರ್ತಿ ಕಲ್ತ ಮೊದಲ ಹಾಡು ಕ್ರಿಸ್‌ಮಸ್ ಹಗಲಿನ ಪೂಜೆಯ ‘ಪುಯೆರ್ ನಾತುಸ್’. ಅದು ಏಳನೇ ಮೋಡ್, ಮೋಡ್ ಅಂದ್ರೆ ಅವರ ಮೇಳ ಇದ್ದಂಗೆ, ಸ್ವರಗಳು ನಮ್ಮ ಹರಿಕಾಂಬೋಧಿ ರಾಗದವೇ, ಬಾಯಿ ತೆಗೀತಿದ್ದಂಗೇ ಷಡ್ಜದಿಂದ ಪಂಚಮಕ್ಕೆ ಹಾರತ್ತೆ. ಮೊದಲ್ನೇ ವಾರ ಹಾಡ್ಲೇ ಇಲ್ಲ, ಲ್ಯಾಟಿನ್ ಮಾತನ್ನ ಒತ್ತು ಸರಿಯಾಗಿ ಬೀಳೋ ತನಕ ಸುಮ್ನೆ ಓದ್ತಿದ್ದೆ, ಯಾಕಂದ್ರೆ ಇಲ್ಲಿ ಲಯ ಬರೋದೇ ಮಾತಿಂದ.

ಆದ್ರೆ ಚೌಕ ನೋಡಿ ಹಾಡಿದ್ರೆ ಸ್ವರ ಸರಿ ಇರತ್ತೆ, ಹಾಡು ಸತ್ತಂಗಿರತ್ತೆ. ನಮ್ಮ ಪುಸ್ತಕದ ಸರಿಗಮ ನೋಡಿ ತೋಡಿ ರಾಗ ಹಾಡಿದಂಗೆ. ಜೀವ ಇರೋದು ಹಳೇ ಗೆರೆಯಿಲ್ಲದ ನ್ಯೂಮ್‌ಗಳಲ್ಲಿ. ಇಲ್ಲೇ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಮಠದ ಲೈಬ್ರರಿಯ 359ನೇ ಹಸ್ತಪ್ರತಿ 10ನೇ ಶತಮಾನದ ಮೊದಲ ಭಾಗದ್ದು, ಆನ್‌ಲೈನಲ್ಲೇ ಜೂಮ್ ಮಾಡಿ ನೋಡ್ಬಹುದು. ಯಾವ ಸ್ವರ ಅಂತ ಅದು ಹೇಳೋದೇ ಇಲ್ಲ, ಹಾಡೋರಿಗೆ ಮೊದ್ಲೇ ಬಾಯಿಪಾಠ, ಹೇಗೆ ಹಾಡ್ಬೇಕು ಅನ್ನೋದಷ್ಟೇ ಬೇಕಿತ್ತು. ಮೇಲೆ ಸಣ್ಣ ‘ಸಿ’ ಇದ್ರೆ ಬೇಗ ಹೋಗು, ‘ಟಿ’ ಇದ್ರೆ ಹಿಡಿ, ತುದೀಲಿ ಪುಟ್ಟ ಅಡ್ಡಗೀಟಿದ್ರೆ ಅಲ್ಲಿ ಕೊಂಚ ನಿಲ್ಲು. ಮುಂದಿನ ಶತಮಾನದಲ್ಲಿ ಅರೆಜೋದ ಗ್ವೀಡೋ ಅನ್ನೋ ಇಟಲಿಯ ಸಂನ್ಯಾಸಿ ಗೆರೆಗಳನ್ನ ಪಕ್ಕಾ ಮಾಡ್ದ, ‘ಫಾ’ಗೆ ಕೆಂಪು, ‘ದೋ’ಗೆ ಹಳದಿ. ಅದರಿಂದ ಕಲಿಯೋದು ಸುಲಭ ಆಯ್ತು ನಿಜ, ಆದ್ರೆ ಬರೆಯೋ ಕೈಯ ಆ ಬಳುಕು ನಿಧಾನಕ್ಕೆ ಚೌಕದೊಳಗೆ ಮುಚ್ಚೋಯ್ತು ಅಂತ ನನಗೆ ಬೇಜಾರು.

1979ರ ಗ್ರಾಡುವಾಲೆ ಟ್ರಿಪ್ಲೆಕ್ಸ್ ಅನ್ನೋ ಹಾಡಿನ ಪುಸ್ತಕ ನಮ್ಮಂಥೋರಿಗೆ ವರ. ಚೌಕದ ಸಾಲಿನ ಮೇಲೆ ಕಪ್ಪಲ್ಲಿ ಫ್ರಾನ್ಸಿನ ಲಾಂ ಊರಿನ ಹಳೇ ಹಸ್ತಪ್ರತಿಯ ನ್ಯೂಮ್ ಗುರುತು, ಕೆಳಗೆ ಕೆಂಪಲ್ಲಿ ಸೇಂಟ್ ಗಾಲನ್‌ದು. ಸ್ವರ ಚೌಕದಿಂದ ತಗೊಂಡು, ಹಾಡ್ತಾ ಹಾಡ್ತಾ ಕೆಂಪು ಗುರುತನ್ನ ಬೆರಳಲ್ಲಿ ಗಾಳೀಲಿ ಬರೀತಿದ್ದೆ, ಎರಡು ತಿಂಗಳಾದ್ಮೇಲೆ ಒಂದಿನ ಬೆರಳು ತಿರುಗಿದ ಕಡೆ ದನಿ ತಾನಾಗೇ ತಿರುಗ್ತು.

ಈಗ ಕ್ವಿಲಿಸ್ಮಾ ಹಿಡ್ಕೊಂಡು ಕೂತಿದೀನಿ, ಹಲ್ಲುಹಲ್ಲಾಗಿರೋ ಪುಟ್ಟ ಚಿಹ್ನೆ, ಅದರ ಹಿಂದಿನ ಸ್ವರದ ಮೇಲೆ ನಿಂತು ಆಮೇಲೆ ಹಗುರವಾಗಿ ಹತ್ಬೇಕು. ಗುಂಪಲ್ಲಿ ಆರು ಜನ ಇದೀವಿ, ಇನ್ನೂ ಆರು ತರ ಹತ್ತೀವಿ.