ಸ್ಮಾರ್ಟ್ ತೂಕದ ಯಂತ್ರದಲ್ಲಿ ಕೊಬ್ಬಿನ ಅಂಕಿಯ ಕುಣಿತ ನಿಲ್ಲಿಸಿದ್ದು ಹೀಗೆ

ತೂಕ ಸರಿಯಾಗೇ ಬರುತ್ತಿತ್ತು. ಕೊಬ್ಬು ಮಾತ್ರ ಬೆಳಿಗ್ಗೆ ಶೇ. 27, ಸಂಜೆ 24. ಯಂತ್ರ ಕೆಟ್ಟಿರಲಿಲ್ಲ. ಅದು ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ; ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಸಿ, ತಡೆ ಎಷ್ಟು ಎಂದು ನೋಡಿ, ಎತ್ತರ, ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ಹಿಮ್ಮಡಿ ಒಣಗಿ ಒಡೆದಿದ್ದರೆ ತಡೆ ಹೆಚ್ಚು. ಕೊಬ್ಬೂ ಹೆಚ್ಚೆಂದು ತೋರಿಸುತ್ತದೆ.

ಮೊದಲ ತಪ್ಪು ಆ್ಯಪ್‌ನಲ್ಲೇ ಇತ್ತು. 5 ಅಡಿ 6 ಇಂಚನ್ನು 5.6 ಅಡಿ ಎಂದು ಹಾಕಿದ್ದರಿಂದ 168ರ ಬದಲು 171 ಸೆಂ.ಮೀ. ಆಗಿತ್ತು. ಸೆಂಟಿಮೀಟರಿನಲ್ಲೇ ತುಂಬುವುದು ಕ್ಷೇಮ.

ಎರಡನೆಯದು ಜಾಗ. ಬಚ್ಚಲಿನ ನೆಲ ನೀರು ಹರಿಯಲೆಂದೇ ಇಳಿಜಾರು! ಯಂತ್ರವನ್ನು ಹಾಲ್‌ನ ಟೈಲ್ಸ್ ಮೇಲೆ ಇಟ್ಟು, ನಾಲ್ಕು ಕಾಲೂ ಅಲುಗಾಡದಂತೆ ನೋಡಿಕೊಂಡೆ. ಲೋಹದ ಪಟ್ಟಿಗಳ ಮೇಲೆ ಕೊಬ್ಬರಿ ಎಣ್ಣೆಯ ಜಿಡ್ಡು ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಈಗ ಬೆಳಿಗ್ಗೆ ಮೂತ್ರ ವಿಸರ್ಜಿಸಿ, ಕಾಫಿಗೆ ಮುಂಚೆ, ಬರಿಗಾಲಲ್ಲಿ ಹತ್ತುವುದು. ಸಾಕ್ಸ್ ಇದ್ದರೆ ತೂಕ ಮಾತ್ರ ಬರುತ್ತದೆ. ತೂಕ ನಿಂತ ಕೂಡಲೇ ಇಳಿಯಬಾರದು, ಕೊಬ್ಬಿನ ಲೆಕ್ಕ ಅದರ ನಂತರವೇ. ದಿನದ ಅಂಕಿ ಬಿಟ್ಟು ಏಳು ದಿನಗಳ ಸರಾಸರಿ ನೋಡುತ್ತೇನೆ. ಪೇಸ್‌ಮೇಕರ್ ಇರುವವರು ಇದನ್ನು ಹತ್ತಲೇಬಾರದು.