ಮೊದಲು ನೋಡುವುದು ತೊಡೆಸಂದನ್ನು

ತೊಡೆಸಂದಿನಲ್ಲಿ ಸೂಜಿ ಚುಚ್ಚಿ, ಕಾಲಿನ ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ಮುಗಿದು ರೋಗಿ ವಾರ್ಡಿಗೆ ಬಂದ ಕೂಡಲೇ ಮನೆಯವರು ಪಾದ ಮುಟ್ಟುತ್ತಾರೆ. ಬೆಚ್ಚಗಿದ್ದರೆ ಅವರ ಮುಖ ಅರಳುತ್ತದೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು ಮೊದಲು ಹೊದಿಕೆ ಸರಿಸಿ ತೊಡೆಸಂದನ್ನು ನೋಡುತ್ತೇನೆ. ಈ ಚಿಕಿತ್ಸೆಯಲ್ಲಿ ತೊಂದರೆ ಹೆಚ್ಚಾಗಿ ಏಳುವುದು ಬಲೂನ್ ಹಿಗ್ಗಿಸಿದ ಕಡೆಯಲ್ಲ, ಸೂಜಿ ಚುಚ್ಚಿದ ಕಡೆ.

ಬಲೂನ್ ಒಳಗೆ ಹೋಗಲು ರಕ್ತನಾಳದಲ್ಲಿ ಇಟ್ಟಿದ್ದ ಸಣ್ಣ ಕೊಳವೆಯನ್ನು, ಅಂದರೆ ಶೀತ್, ತೆಗೆದ ಮೇಲೆ ಎಲ್ಲಿ ಒತ್ತಬೇಕು ಎಂಬುದು ಕೇಸ್ ಶೀಟ್ ನೋಡದೆ ಗೊತ್ತಾಗುವುದಿಲ್ಲ. ಸೂಜಿ ಹೊಟ್ಟೆಯ ಕಡೆಗೆ ಹೋಗಿದ್ದರೆ ರಕ್ತನಾಳದ ತೂತು ಚರ್ಮದ ತೂತಿಗಿಂತ ಮೇಲಿರುತ್ತದೆ. ಪಾದದ ಕಡೆಗೆ ಹೋಗಿದ್ದರೆ ಕೆಳಗೆ. ಕಾಲಿನ ಕೇಸುಗಳಲ್ಲಿ ಎರಡೂ ಉಂಟು. ಹದಿನೈದು ಇಪ್ಪತ್ತು ನಿಮಿಷ ಬೆರಳೆತ್ತಿ ಇಣುಕದೆ ಒತ್ತಬೇಕು. ಹೊಸ ಹುಡುಗಿಯರು ಇಣುಕಿಯೇ ಇಣುಕುತ್ತಾರೆ.

ನಾನು ಹೆದರುವುದು ಹೊರಗೆ ಕಾಣದ ರಕ್ತಸ್ರಾವಕ್ಕೆ. ಸೂಜಿ ತೊಡೆಸಂದಿನೊಳಗಿನ ಅಸ್ಥಿಬಂಧದ ಪಟ್ಟಿಗಿಂತ ಮೇಲೆ ಬಿದ್ದಿದ್ದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಇಳಿಯುತ್ತದೆ, ಬ್ಯಾಂಡೇಜ್ ಮಾತ್ರ ಬೆಳ್ಳಗೇ ಇರುತ್ತದೆ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಹಿರಿಯರೊಬ್ಬರು ಸಂಜೆ "ಸೊಂಟ ಹಿಡಿದುಕೊಂಡಿದೆ ಸಿಸ್ಟರ್" ಎಂದರು. "ಅಪ್ಪನಿಗೆ ಅದು ಹಳೆಯ ನೋವು ಬಿಡಿ" ಎಂದ ಮಗ. ಬಿಪಿ ಇಳಿದಿತ್ತು, ಹಣೆ ತಣ್ಣಗೆ ಬೆವರಿತ್ತು, ನಾಡಿ ಮಾತ್ರ ಏರಿರಲಿಲ್ಲ. ಬಿಪಿಗೆಂದು ಅವರು ನುಂಗುತ್ತಿದ್ದ ಮೆಟೊಪ್ರೊಲಾಲ್ ಮಾತ್ರೆ ನಾಡಿಯನ್ನು ಏರಲು ಬಿಟ್ಟಿರಲಿಲ್ಲ. ಡಾಕ್ಟರನ್ನು ಕರೆದೆ, ಸಿಟಿ ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂಭಾಗದಲ್ಲಿ ರಕ್ತ ಕಂಡಿತು. ರಕ್ತ ಕೊಟ್ಟು, ತೂತಿನ ಮೇಲೆ ಹೊದಿಕೆಯಿರುವ ಸ್ಟೆಂಟ್ ಕೂರಿಸಿದರು.

ಊತವಿದ್ದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯುತ್ತೇನೆ. ಗೆರೆ ದಾಟಿದರೆ, ಅಥವಾ ಗಂಟು ನಾಡಿಯಂತೆ ಮಿಡಿದರೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ರಕ್ತನಾಳದ ಪಕ್ಕದಲ್ಲಿ ರಕ್ತ ಚೀಲ ಕಟ್ಟಿಕೊಂಡಿದ್ದರೆ ಅಲ್ಟ್ರಾಸೌಂಡ್ ನೋಡುತ್ತಾ ಅದರೊಳಗೆ ಥ್ರಾಂಬಿನ್ ಔಷಧ ಚುಚ್ಚಿ ಹೆಪ್ಪುಗಟ್ಟಿಸುತ್ತಾರೆ. ಬಹುತೇಕ ಕೊಯ್ಯುವ ಪ್ರಮೇಯವೇ ಬರುವುದಿಲ್ಲ.

ಆಮೇಲೆ ಪಾದ. ಬೆರಳು ದಿಢೀರನೆ ನೀಲಿಯಾದರೆ ಮೇಲಿನ ರಕ್ತನಾಳದಿಂದ ಹೆಪ್ಪಿನದೋ ಕೊಬ್ಬಿನದೋ ಚೂರೊಂದು ಜಾರಿ ಕೆಳಗೆ ಸಿಕ್ಕಿಕೊಂಡಿರಬಹುದು. ರಕ್ತ ಪೂರ್ತಿ ನಿಂತೇ ಹೋಗಿದ್ದ ಕಾಲಿಗೆ ಮತ್ತೆ ಹರಿದಾಗ ಮೀನಖಂಡ ಬಿಗಿದು, ಬೆರಳು ಮಡಿಸಿದರೆ ತಡೆಯಲಾರದ ನೋವು ಬಂದರೆ ಒಳಗೆ ಸ್ನಾಯು ಊದಿ ಒತ್ತಡ ಏರಿರಬಹುದು, ಪಾದದ ನಾಡಿ ಸಿಗುತ್ತಿದೆ ಎಂದು ಸುಮ್ಮನಿರುವಂತಿಲ್ಲ.

ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲು ಕೊಡುವ ಕಾಂಟ್ರಾಸ್ಟ್ ಔಷಧದ ಏಟು ಎರಡು ಮೂರು ದಿನ ತಡವಾಗಿ ಕಾಣಿಸಬಹುದು. ಮರುದಿನವೇ ಹೊರಡುವವರಿಗೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಚೀಟಿ ಕೈಗಿಟ್ಟೇ ಕಳಿಸುತ್ತೇನೆ.

ನಮ್ಮ ರಸ್ತೆಗಳ ಹಂಪುಗಳಲ್ಲಿ ಆಟೊ ಬೇಡ ಎಂದರೂ ಆಟೊದಲ್ಲೇ ಹೋಗುತ್ತಾರೆ. ಹಾಗಾಗಿ ಜೊತೆಗೆ ಬಂದವರಿಗೆ ಹೇಳುವುದಿಷ್ಟು: ಕೆಲವು ದಿನ ಕುಕ್ಕರಗಾಲಿನ ಶೌಚಾಲಯ ಬೇಡ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ನಿಲ್ಲಿಸುವ ಮುನ್ನ ನಮ್ಮನ್ನು ಕೇಳಿ. ತೊಡೆಸಂದಿನಿಂದ ರಕ್ತ ಬಂದರೆ ಅಲ್ಲೇ ಅಂಗಾತ ಮಲಗಿಸಿ, ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದು, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ.