ಖಾರದ ಮಟನ್ ಜೊತೆಗೆ ಯಾವ ರೆಡ್ ವೈನ್?

ಕಲಬುರಗಿಯ ನಮ್ಮ ಮಾಳಿಗೆ ಮೇಲೆ ಹತ್ತು ಜನ ಸೇರಿದರೆ ಎರಡು ಬಾಟಲಿ ತರುತ್ತೇನೆ. 750 ಎಂಎಲ್‌ಗೆ 150 ಎಂಎಲ್‌ನ ಐದು ಗ್ಲಾಸ್, ತಲೆಗೊಂದು. ನಾಸಿಕ್ ಅಥವಾ ನಂದಿ ಬೆಟ್ಟದ ಕಡೆಯ ಶಿರಾಜ್ ದ್ರಾಕ್ಷಿಯ ವೈನ್ ಸಾಕು. ಆಮದಿನದಕ್ಕೆ ಸುಂಕವೇ ಜಾಸ್ತಿ. ಒಗರು ಹೆಚ್ಚಿರುವ ಕ್ಯಾಬರ್ನೆ ದ್ರಾಕ್ಷಿಯದ್ದು ಬೇಡ, ಖಾರಕ್ಕೆ ಬಾಯಿ ಇನ್ನೂ ಉರಿಯುತ್ತದೆ. ಲೇಬಲ್ ಮೇಲೆ ಪೋರ್ಟ್ ಅಂತಿದ್ದರೆ ಅದು ಸಿಹಿ ವೈನ್. ನನ್ನ ತಮ್ಮನಿಗೆ ಅದೇ ಇಷ್ಟ, ಏನು ಮಾಡೋದು!

ಬಿಸಿಲು ಬೀಳುವ ಶೆಲ್ಫಿನ ಬಾಟಲಿ ಮುಟ್ಟಬೇಡಿ. ಹೋದ ಮೇ ತಿಂಗಳಲ್ಲಿ ಅಂಥದ್ದೊಂದು ತಂದೆ. ಕಾರ್ಕ್ ಉಬ್ಬಿ ಮೇಲೆ ಬಂದಿತ್ತು, ಒಳಗೆ ಬೇಯಿಸಿದ ಹಣ್ಣಿನ ವಾಸನೆ. ಪೂರಾ ಮೋರಿಗೆ ಸುರಿದೆ.

ತಿರುಪು ಮುಚ್ಚಳದ್ದೇ ಒಳ್ಳೆಯದು, ಕಾರ್ಕ್ ತೆಗೆಯುವ ಪರದಾಟ ಇಲ್ಲ. ರೆಡ್ ವೈನ್ ತಣ್ಣಗಾಗಿಸಬಾರದು ಅನ್ನೋ ಮಾತು 40 ಡಿಗ್ರಿಯ ನಮ್ಮೂರಿಗೆ ಹೊಂದಲ್ಲ. ಊಟಕ್ಕೆ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.